ಬಾವಿಕಟ್ಟೆ ದಾಟಿದ ಓಟ

ಹಳ್ಳದ ಮೇಲಿನ ಮರದ ಸೇತುವೆ ಇಬ್ಬರು ಎದುರುಬದುರು ದಾಟುವಷ್ಟು ಅಗಲವಿರಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಹಿಂದೆ ಸರಿಯಲೇಬೇಕು. ಝಂಫಿರಾಗೆ ಇದು ಚೆನ್ನಾಗಿ ಗೊತ್ತಿತ್ತು. ಆಚೆ ದಡದಿಂದ ಲಾಜರ್ ಬರುವುದನ್ನು ನೋಡಿಯೇ ಅವಳು ಈಚೆಯಿಂದ ಸೇತುವೆ ಹತ್ತಿದ್ದಳು. ನಟ್ಟನಡುವೆ ಎದುರಾದರೆ ನಾಲ್ಕು ಮಾತಾದರೂ ಆಡದೆ ಹೇಗೆ ತಪ್ಪಿಸಿಕೊಳ್ಳುತ್ತಾನೆ, ನೋಡೇಬಿಡೋಣ ಎಂದು.

ಲಾಜರ್‌ನ ಹೆಗಲ ಮೇಲೆ ಓಕ್ ಮರದ ಪಟ್ಟಿಗಳ ಹೊರೆಯಿತ್ತು. ಅವಳನ್ನು ಕಂಡದ್ದೇ ಅಷ್ಟು ಭಾರ ಹೊತ್ತುಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಟ್ಟು, ತನ್ನ ದಡಕ್ಕೆ ವಾಪಸ್ಸು ಹೋಗಿ, ದಾರಿ ಬಿಟ್ಟು ನಿಂತ.

"ಬಾ, ನೀನು ಮೊದಲು ದಾಟು," ಅಂದ.

"ನಂಗೇನೂ ದಾಟ್ಬೇಕು ಅಂತಿಲ್ಲ."

"ಮತ್ತೆ ಸೇತುವೆ ಯಾಕೆ ಹತ್ತಿದೆ?"

"ಹಳ್ಳದಲ್ಲಿ ನೀರು ಎಷ್ಟಿದೆ ಅಂತ ನೋಡೋಕೆ," ಅಂದುಬಿಟ್ಟಳು.

ಲಾಜರ್ ಬಗ್ಗಿ ನೀರನ್ನು ನೋಡಿದ. ನಿಜವಾಗಿಯೂ ನೋಡಿದ. "ಮಂಡಿವರೆಗೆ ಇದೆ. ಮೇಲೆ ಹಿಮ ಕರಗ್ತಾ ಇದೆಯಲ್ಲ, ಬರೋ ವಾರ ಇನ್ನೂ ಏರುತ್ತೆ," ಅಂದ.

ಇಂಥವನನ್ನು ಏನು ಮಾಡಬೇಕು? ಪೀಪಾಯಿ ಮಾಡುವವನ ಬುದ್ಧಿಯೇ ಹೀಗೋ ಏನೋ. ಒಂದು ಪಟ್ಟಿ ಬಾಗಿಸಲು ಬೆಂಕಿಯ ಮುಂದೆ ಅರ್ಧ ದಿನ ಕಾಯುವ ಜಾತಿ. ಝಂಫಿರಾಗೆ ಕಾಯುವುದೆಂದರೆ ಆಗದು. ಒಲೆಯ ಮೇಲಿನ ಮೆಕ್ಕೆಜೋಳದ ಮುದ್ದೆ ಬೇಯುವವರೆಗೂ ಅವಳು ಒಂದು ಕಡೆ ಕೂತವಳಲ್ಲ.

"ಶುಕ್ರವಾರ ದ್ರಾಗೊಬೇತೆ ಹಬ್ಬ," ಅಂದಳು.

"ಹೌದು."

"ಗುಡ್ಡಕ್ಕೆ ಬರ್ತೀಯಲ್ಲ?"

ಅವನು ಹೊರೆಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿದ. "ಕೆಲಸ ಇದೆ."

"ಆವತ್ತು ಯಾರಾದ್ರೂ ಕೆಲಸ ಮಾಡ್ತಾರೇನೋ? ಮಾಡಿದ್ರೆ ವರ್ಷವಿಡೀ ಗುಬ್ಬಿ ಥರ ಚಿಂವ್ ಚಿಂವ್ ಅಂತಾ ಇರ್ಬೇಕಾಗುತ್ತೆ."

"ಚಿಂವ್ ಅಂದ್ರೂ ನಮ್ಮನೇಲಿ ಕೇಳೋರು ಯಾರಿದಾರೆ?"

ಹಾಗೆಂದು ಅವನು ಮೊದಲ ಬಾರಿಗೆ ಅವಳತ್ತ ನೋಡಿದ. ನೋಟ ಅವಳ ಮುಖದ ಮೇಲೆ ಒಂದು ಗಳಿಗೆ ನಿಂತಿತು, ಕೆನ್ನೆಯ ಮೇಲೆ ಇಳಿದಿದ್ದ ಕೂದಲೆಳೆಯನ್ನು ಕಂಡಿತು, ಏನನ್ನೋ ಕೇಳಬೇಕು ಅನ್ನುವ ಹಾಗೆ ತಡವರಿಸಿತು. ಆಮೇಲೆ ಜಾರಿ ಅವಳ ಪಾದಗಳ ಮೇಲೆ ಬಿತ್ತು. ಅಲ್ಲಿಗೆ ಅವನ ಮುಖ ಬಾಡಿತು.

"ನಿನ್ನ ಕಾಲಿಗೆ ಈ ಊರಲ್ಲಿ ಯಾರು ಸಾಟಿ, ಝಂಫಿರಾ? ಚೆನ್ನಾಗಿ ಓಡು," ಅಂದ.

ಅವಳು ಸಿಟ್ಟಿನಿಂದ ಸೇತುವೆ ದಾಟಿದಳು. ಅವನು ಕಣ್ಮರೆಯಾಗುವ ತನಕ ಅಲ್ಲೇ ನಿಂತು, ಸಿಟ್ಟಿನಿಂದಲೇ ವಾಪಸ್ಸು ದಾಟಿ ಮನೆಗೆ ಬಂದಳು. ಆಚೆ ದಡದಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

*

ಓಡುವುದು! ಅವಳ ಗ್ರಹಚಾರವೆಲ್ಲ ಆ ಓಟದಲ್ಲೇ ಇತ್ತು.

ದ್ರಾಗೊಬೇತೆಯ ದಿನ ಹಕ್ಕಿಗಳಿಗೆ ನಿಶ್ಚಿತಾರ್ಥ. ಆವತ್ತು ಊರಿನ ಹುಡುಗ ಹುಡುಗಿಯರೂ ಗುಡ್ಡ ಹತ್ತುತ್ತಾರೆ. ಹಿಮವನ್ನು ಸೀಳಿಕೊಂಡು ತಲೆ ಎತ್ತಿದ ಪುಟ್ಟ ಬಿಳಿ ಹೂಗಳನ್ನು ಕೀಳುತ್ತಾರೆ, ಬೆಂಕಿ ಹಾಕಿ ಸುತ್ತ ಕೂತು ಒಬ್ಬರನ್ನೊಬ್ಬರು ಕಾಡುತ್ತಾರೆ. ನಡುಮಧ್ಯಾಹ್ನದ ಗಂಟೆ ಕೇಳಿದ್ದೇ ಹುಡುಗಿಯರೆಲ್ಲ ಊರಿನತ್ತ ಓಟ. ಮನಸ್ಸಿಗೆ ಬಂದವಳ ಹಿಂದೆ ಹುಡುಗ ಓಡಬೇಕು. ಊರಬಾವಿಯ ಕಟ್ಟೆ ಮುಟ್ಟುವುದರೊಳಗೆ ಹಿಡಿದರೆ, ಆ ಕಟ್ಟೆಯ ಬಳಿಯೇ, ಸಾಲಾಗಿ ಕೂತ ಮುದುಕಿಯರ ಕಣ್ಣೆದುರಿಗೇ ಮುತ್ತು. ಮುತ್ತು ಬಿತ್ತೆಂದರೆ ನಿಶ್ಚಿತಾರ್ಥವಾದ ಹಾಗೆ. ಆಮೇಲೆ ಯಾವ ಅಪ್ಪನೂ ಅಡ್ಡ ಬರುವ ಹಾಗಿಲ್ಲ.

ಆದರೆ ಹುಡುಗಿ ನಿಲ್ಲುವಂತಿಲ್ಲ. ನಿಂತರೆ 'ನಿಂತು ಕೊಟ್ಟವಳು' ಎಂಬ ಹೆಸರು ಮೊಮ್ಮಕ್ಕಳ ಕಾಲಕ್ಕೂ ಬಿಡದು. ನಿಲ್ಲದೆ ಸಿಕ್ಕಿಬೀಳುವುದರಲ್ಲೇ ಜಾಣತನ. ಒಬ್ಬಳ ಕಾಲ್ಜೋಡಿನ ದಾರ ಬಿಚ್ಚಿಹೋಗುತ್ತದೆ, ಇನ್ನೊಬ್ಬಳ ಶಾಲು ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಝಂಫಿರಾಳ ಗೆಳತಿ ರಾದಾಳ ಪಾದ ಮಾತ್ರ ಪ್ರತಿವರ್ಷ, ಸರಿಯಾದ ಜಾಗದಲ್ಲಿ, ಸರಿಯಾದ ಹುಡುಗನ ಮುಂದೆಯೇ ಉಳುಕುತ್ತಿತ್ತು; ಆ ಹುಡುಗನಿಗೆ ಮುತ್ತಿಡುವ ಧೈರ್ಯ ಇನ್ನೂ ಬಂದಿರಲಿಲ್ಲ, ಅಷ್ಟೇ.

ಝಂಫಿರಾಗೆ ಈ ವಿದ್ಯೆ ಒಲಿಯಲಿಲ್ಲ. ಮೊದಲ ವರ್ಷ ಹಿಂದೆ ಯಾರು ಬರುತ್ತಿದ್ದಾರೆಂದೂ ನೋಡದೆ ಓಡಿದಳು. ಕಟ್ಟೆ ಮುಟ್ಟಿ ತಿರುಗಿದರೆ ಲಾಜರ್ ಏದುಸಿರು ಬಿಡುತ್ತಾ ನಿಂತಿದ್ದ. ಅವನ ಕಿವಿಗಳೆರಡೂ ಕೆಂಪಾಗಿದ್ದವು. ಆ ಕೆಂಪು ಕಿವಿಗಳನ್ನು ಅವಳು ವರ್ಷವಿಡೀ ಮರೆಯಲಿಲ್ಲ. ಎರಡನೇ ವರ್ಷ, ನಿಧಾನವಾಗಿ ಓಡುತ್ತೇನೆ ಎಂದು ದೇವಮಾತೆಯ ಪಟದೆದುರು ಆಣೆ ಇಟ್ಟು ಹೋದಳು. ಗಂಟೆ ಹೊಡೆಯಿತು, ಬೆನ್ನ ಹಿಂದೆ ಅವನ ಹೆಜ್ಜೆ ಸದ್ದು ಕೇಳಿತು, ಆಣೆ ಗಾಳಿಗೆ ಹೋಯಿತು. ಸಂಜೆ ಕೊಟ್ಟಿಗೆಯಲ್ಲಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಅತ್ತಳು. ಹೋದ ವರ್ಷವಂತೂ ಲಾಜರ್ ಅರ್ಧ ಗುಡ್ಡದಲ್ಲಿ, ಅಕ್ರೋಟು ಮರದ ಹತ್ತಿರವೇ ನಿಂತುಬಿಟ್ಟ. ಯಾಕೆ ನಿಂತೆ ಎಂದು ಕೇಳುವುದು ಹೇಗೆ? ಮುತ್ತಿಗೆ ಮುಂಚೆ ಹುಡುಗಿ ಆ ಮಾತೆತ್ತಿದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಅವಳ ಕಾಲಿನ ವೇಗದಿಂದ ಸಂತೋಷವಾಗಿದ್ದವನು ಊರಲ್ಲಿ ಒಬ್ಬನೇ: ಹಿಟ್ಟಿನ ಗಿರಣಿಯ ನಿಸ್ತೋರ್. ಹೆಂಡತಿ ತೀರಿಕೊಂಡು ಇಬ್ಬರು ಮಕ್ಕಳೊಂದಿಗೆ ಉಳಿದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಕಳಿಸಬಹುದಿತ್ತು.

ಬುಧವಾರ ಸಂಜೆ ಅವನು ಮನೆಗೆ ಬಂದ. ಅಪ್ಪನ ಜೊತೆ ಪ್ಲಮ್ ಸಾರಾಯಿ ಕುಡಿದು, ಝಂಫಿರಾಳ ಮುಂದೆ ಒಂದು ಗಂಟು ಇಟ್ಟ. ಬಿಚ್ಚಿದರೆ ಹೊಸ ಜೋಡು. ಕರುವಿನ ತೊಗಲಿನದು, ಹತ್ತಿಯಷ್ಟು ಹಗುರ.

"ಶುಕ್ರವಾರಕ್ಕೆ ಇರ್ಲಿ ಅಂತ," ಅಂದ ನಿಸ್ತೋರ್, ಮೀಸೆಯಡಿಯಲ್ಲಿ ನಗುತ್ತಾ. "ಹಾಕ್ಕೊಂಡ್ರೆ ಕಾಲಲ್ಲಿ ಏನಾದ್ರೂ ಇದೆ ಅಂತಾನೇ ಅನ್ನಿಸಲ್ಲ. ಗಾಳಿ ಹಾಗೆ ಓಡ್ಬಹುದು."

"ನೀವೂ ಗುಡ್ಡಕ್ಕೆ ಬರ್ತೀರಾ?" ಎಂದು ಕೇಳಿದಳು ಝಂಫಿರಾ.

"ನಾನ್ಯಾಕಮ್ಮ ಓಡ್ಲಿ ಈ ವಯಸ್ಸಲ್ಲಿ? ಬಾವಿಕಟ್ಟೆ ಮೇಲೆ ಆರಾಮಾಗಿ ಕೂತಿರ್ತೀನಿ. ನೀನು ಓಡಿ ಬಾ."

ಅವನು ಹೋದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ. "ನೋಡು ಮಗಳೇ, ಈಸ್ಟರ್ ಮುಂಚಿನ ದೊಡ್ಡ ಉಪವಾಸ ಶುರುವಾದ್ರೆ ಚರ್ಚಲ್ಲಿ ಮದುವೆ ಮಾಡಲ್ಲ. ಈ ಸಲಾನೂ ಯಾರೂ ನಿನ್ನ ಹಿಡೀಲಿಲ್ಲ ಅಂದ್ರೆ ಭಾನುವಾರ ನಿಸ್ತೋರ್ ಕೈಗೆ ಕೈ ಹಾಕಿ ಮಾತು ಕೊಡ್ತೀನಿ. ಎಷ್ಟು ದಿನಾಂತ ಓಡ್ತಾ ಇರ್ತೀಯ?"

"ನಾನು ಬೇಕು ಅಂತ ಓಡ್ತೀನಾ ಅಪ್ಪಾ?"

"ಬೇಡದೇ ಇದ್ರೆ ಯಾರಾದ್ರೂ ಹಾಗೆ ಓಡ್ತಾರಾ?" ಅಂದ ಅಪ್ಪ. ಝಂಫಿರಾ ಜೋಡನ್ನು ಎತ್ತಿ ಮೂಲೆಗೆ ಎಸೆದಳು. ಅಷ್ಟು ಹಗುರವಾದದ್ದು ಬಿದ್ದ ಸದ್ದೂ ಬರಲಿಲ್ಲ.

*

ಇದೆಲ್ಲ ಸಾಲದೆಂಬಂತೆ ಹೊಸ ಪಾದ್ರಿ ಸೆವೆರಿನ್ ಬೇರೆ. ಪಟ್ಟಣದಲ್ಲಿ ಓದಿ ಬಂದ ಹುಡುಗ, ಗಡ್ಡ ಇನ್ನೂ ಪೂರ್ತಿ ತುಂಬಿರಲಿಲ್ಲ. ಹಿಂದಿನ ಭಾನುವಾರ ಪ್ರಸಂಗದಲ್ಲಿ ಅವರು ಕೈ ಎತ್ತಿ ಹೇಳಿದ್ದರು: "ನಮ್ಮ ಚರ್ಚಿನ ಪಂಚಾಂಗದಲ್ಲಿ ಒಂದೊಂದು ದಿನಕ್ಕೂ ಸಂತರಿದ್ದಾರೆ. ಈ ದ್ರಾಗೊಬೇತೆ ಯಾವ ಸಂತ? ಯಾರಾದರೂ ಹೇಳಿ ನೋಡೋಣ! ಯೇಸುವಿನ ಹೆಸರೇ ಕೇಳದ ಕಾಲದ ಕಾಡುದೇವರು ಅವನು. ಶುಕ್ರವಾರ ಸಂತ ಸ್ನಾನಿಕ ಯೋಹಾನರ ಕಡಿದ ಶಿರಸ್ಸು ಮತ್ತೆ ದೊರೆತ ಪವಿತ್ರ ದಿನ. ಆವತ್ತು ನೀವು ಬಾವಿಕಟ್ಟೆಯಲ್ಲಿ ಮುತ್ತು ಕೊಡುತ್ತಾ ನಿಲ್ಲುತ್ತೀರಾ?"

ಹಿಂದಿನ ಸಾಲಿನಿಂದ ಝಂಫಿರಾಳ ಅಜ್ಜಿ ಕೇಳಿದಳು: "ಕಳೆದುಹೋದ ತಲೆ ಸಿಕ್ಕಿದ್ದು ಸಂತೋಷಾನೇ ಅಲ್ವಾ ಪಾದ್ರಿಗಳೇ?"

ಜನ ನಕ್ಕರು. ಪಾದ್ರಿ ನಗಲಿಲ್ಲ. ಶುಕ್ರವಾರ ಮಧ್ಯಾಹ್ನ ಗಂಟೆ ಹೊಡೆಯುವುದಿಲ್ಲ, ಬಾವಿಕಟ್ಟೆಯ ಬಳಿ ತಾನೇ ಶಿಲುಬೆ ಹಿಡಿದು ನಿಲ್ಲುತ್ತೇನೆ, ಯಾರಿಗೆ ಧೈರ್ಯವಿದೆಯೋ ನೋಡುತ್ತೇನೆ ಎಂದರು.

ಶುಕ್ರವಾರ ಬೆಳಿಗ್ಗೆ ಅಜ್ಜಿ, ಹಬ್ಬದ ಪದ್ಧತಿಯಂತೆ, ಮಡಕೆಯಲ್ಲಿ ಕರಗಿಸಿಟ್ಟ ಹಿಮದ ನೀರಿನಿಂದ ಮೊಮ್ಮಗಳ ಮುಖ ತೊಳೆದಳು. ನೀರು ಕೊರೆಯುತ್ತಿತ್ತು.

"ಅಜ್ಜೀ, ಅವನು ನಿಜವಾಗ್ಲೂ ಕಾಡುದೇವರಾ?"

"ಯಾರಿಗೆ ಗೊತ್ತು? ನಮ್ಮಜ್ಜಿ ಹೇಳ್ತಿದ್ಲು, ಚಳಿ ತರೋ ದೊಕಿಯಾ ಮುದುಕಿಯ ಮಗನಂತೆ. ಭಾರೀ ಚೆಲುವ, ಭಾರೀ ತುಂಟ. ಒಂದಿನ ದೇವಮಾತೆ ಕಾಡಲ್ಲಿ ಹೋಗ್ತಿದ್ರೆ ಅವಳಿಗೂ ದಾರಿ ತಪ್ಸಿ ನಕ್ಕನಂತೆ. ಆ ತಾಯಿ, ಹೋಗು ಗಿಡ ಆಗು ಅಂತ ಅಂದ್ಲಂತೆ. ಗಿಡ ಆದ. ಆದ್ರೂ ಬುದ್ಧಿ ಬಂತಾ? ಇನ್ನೂ ಎಲ್ರಿಗೂ ದಾರಿ ತಪ್ಪಿಸ್ತಾನೇ ಇದಾನೆ."

"ನಂಗಂತೂ ಚೆನ್ನಾಗೇ ತಪ್ಸಿದಾನೆ," ಅಂದಳು ಝಂಫಿರಾ. ಅವಳ ಹಳೆಯ ಜೋಡಿನ ಅಡಿ ಹಿಂದಿನ ದಿನವೇ ಕಿತ್ತುಹೋಗಿತ್ತು. ಮೂಲೆಯಿಂದ ನಿಸ್ತೋರ್‌ನ ಜೋಡನ್ನೇ ಎತ್ತಿ ಹಾಕಿಕೊಳ್ಳಬೇಕಾಯಿತು. ಎಷ್ಟು ಹಿತವಾಗಿದೆ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

*

ಗುಡ್ಡದ ಮೇಲೆ ಬಿಸಿಲಿತ್ತು. ಹುಡುಗಿಯರು ಹೂ ಕೀಳುವ ನೆಪದಲ್ಲಿ ಹುಡುಗರ ಕಡೆ, ಹುಡುಗರು ಕಟ್ಟಿಗೆ ತರುವ ನೆಪದಲ್ಲಿ ಹುಡುಗಿಯರ ಕಡೆ ನೋಡುತ್ತಿದ್ದರು. ಲಾಜರ್ ಇರಲಿಲ್ಲ.

ಹಳ್ಳದ ಆಚೆಯಿಂದ ಸದ್ದು ಮಾತ್ರ ಬರುತ್ತಿತ್ತು. ಟಕ್. ಟಕ್. ಟಕ್. ಪೀಪಾಯಿಗೆ ಕಬ್ಬಿಣದ ಬಳೆ ಕೂರಿಸುವ ಸುತ್ತಿಗೆಯ ಸದ್ದು.

"ಕೇಳ್ದೇನೇ?" ಅಂದಳು ರಾದಾ. "ದ್ರಾಗೊಬೇತೆ ದಿನ ಸುತ್ತಿಗೆ ಹಿಡಿದಿದಾನೆ ಮಹರಾಯ. ನಿನ್ನವನು ಗುಬ್ಬಿ ಆಗೋದು ಗ್ಯಾರಂಟಿ."

"ನನ್ನವನಂತೆ! ಯಾರೇ ನನ್ನವನು?"

"ಆ ಸದ್ದು ಬಂದಾಗೆಲ್ಲ ಹೂವಿನ ತಲೆ ಚಿವುಟ್ತಾ ಇದೀಯಲ್ಲ, ಅವನು."

ಝಂಫಿರಾ ಕೈ ನೋಡಿಕೊಂಡಳು. ಬರಿಯ ದಂಟುಗಳಿದ್ದವು.

ಟಕ್. ಟಕ್. ಒಂದೊಂದು ಏಟೂ ನೇರವಾಗಿ ಅವಳ ತಲೆಯ ಮೇಲೇ ಬಿದ್ದಂತಾಗುತ್ತಿತ್ತು. ಬರುವುದಿಲ್ಲ, ಬರುವುದಿಲ್ಲ, ಬರುವುದಿಲ್ಲ. ಸರಿ, ಬರಬೇಡ. ಅಲ್ಲೇ ಕೂತು ಚಿಂವ್ ಅನ್ನು. ನಾನು ಗಿರಣಿಯಲ್ಲಿ ಹಿಟ್ಟು ಮೆತ್ತಿಕೊಂಡು ಇನ್ನೊಬ್ಬಳ ಮಕ್ಕಳಿಗೆ ತಲೆ ಬಾಚುತ್ತೇನೆ. ನೀನು ಆಗಲೂ ಸೇತುವೆಯ ಮೇಲೆ ಸಿಕ್ಕು, ಹಳ್ಳದ ನೀರು ಮಂಡಿವರೆಗೆ ಇದೆ ಅಂತ ಹೇಳು. ಅವಳ ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೂ ಕೋಪ ಬಂತು.

ಮಧ್ಯಾಹ್ನವಾಯಿತು. ಗಂಟೆ ಹೊಡೆಯಲಿಲ್ಲ. ಒಂದಿಷ್ಟು ಹೊತ್ತು ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಕುರುಬರ ಹುಡುಗ ಬೆನ್ನಿಗಿದ್ದ ಉದ್ದನೆಯ ಕೊಂಬನ್ನು ತೆಗೆದು ಊದಿದ. ಗಂಟೆ ಬರುವುದಕ್ಕೆ ಮುಂಚೆ ಈ ಗುಡ್ಡದಲ್ಲಿ ಕೊಂಬೇ ತಾನೇ ಇದ್ದದ್ದು. "ಓ!" ಎಂದು ಕೂಗೆದ್ದಿತು. ಓಟ ಶುರುವಾಯಿತು.

ಝಂಫಿರಾ ಓಡಿದಳು. ಎಡಕ್ಕೆ ಬಲಕ್ಕೆ ಹುಡುಗಿಯರ ಕಿಲಕಿಲ, ಹುಡುಗರ ಧಡಧಡ. ಅವಳ ಬೆನ್ನ ಹಿಂದೆ ಮಾತ್ರ ಏನೂ ಇಲ್ಲ. ಅವಳ ಹಿಂದೆ ಬಿದ್ದು ನಗೆಗೀಡಾಗಲು ಯಾರಿಗೆ ಬೇಕಿದೆ? ಜೀವನದಲ್ಲಿ ಮೊದಲ ಸಲ ಅವಳ ಕಾಲುಗಳಿಗೆ ಅವಸರವಿರಲಿಲ್ಲ. ಈಗ ನೋಡಿ, ನಿಧಾನಕ್ಕೆ ಓಡುವುದು ಎಷ್ಟು ಸುಲಭ! ಹಿಡಿಯುವವನು ಇಲ್ಲದಾಗ ಈ ಹಾಳು ಕಾಲುಗಳಿಗೆ ಸಕಲ ವಿದ್ಯೆಯೂ ಬರುತ್ತದೆ. ಅಕ್ರೋಟು ಮರ ಬಂತು, ಹೋಯಿತು. ಅಲ್ಲಿ ಯಾರೂ ನಿಂತಿರಲಿಲ್ಲ.

ನಿಧಾನಕ್ಕೆ ಓಡಿದರೂ ಬಾವಿಕಟ್ಟೆಗೆ ಮೊದಲು ಬಂದವಳು ಅವಳೇ.

ಪಾದ್ರಿ ಸೆವೆರಿನ್ ಹೇಳಿದಂತೆಯೇ ನಿಂತಿದ್ದರು. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕಾಮಕಸ್ತೂರಿಯ ಕಟ್ಟು, ಕಾಲ ಬಳಿ ಬಕೆಟ್ ತುಂಬ ಮಂತ್ರಿಸಿದ ನೀರು. ಮುದುಕಿಯರನ್ನು ಕಟ್ಟೆಯಿಂದ ಎಬ್ಬಿಸಿ ದೂರ ನಿಲ್ಲಿಸಿದ್ದರು. ಅವಳ ಹಿಂದೆಯೇ ಬಂದ ಜೋಡಿಗಳು ಗಕ್ಕನೆ ನಿಂತವು. ರಾದಾಳ ಕಾಲು ಅಚ್ಚುಕಟ್ಟಾಗಿ ಉಳುಕಿತ್ತು, ಅವಳ ಹುಡುಗ ಸೊಂಟ ಹಿಡಿದುಕೊಂಡೂ ಇದ್ದ. ಆದರೆ ಪಾದ್ರಿ ಕಾಮಕಸ್ತೂರಿಯ ಕಟ್ಟಿನಿಂದ ಮುಖಕ್ಕೆ ತಣ್ಣೀರು ಚಿಮ್ಮಿಸಿದ್ದರಿಂದ ಇಬ್ಬರೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು.

"ಶಾಭಾಸ್!" ಎಂದು ಕಟ್ಟೆಯ ಇನ್ನೊಂದು ತುದಿಯಿಂದ ಎದ್ದ ನಿಸ್ತೋರ್. ಅವನ ಪಕ್ಕದಲ್ಲಿ ಅಪ್ಪ. "ಈ ಸಲಾನೂ ಯಾರ ಕೈಗೂ ಸಿಗ್ಲಿಲ್ಲ! ಹೇಗಿದೆ ಜೋಡು?"

ಝಂಫಿರಾ ಅವನ ಮುಖ ನೋಡಿದಳು. ಅಪ್ಪನ ಮುಖ ನೋಡಿದಳು. ಹಳ್ಳದ ಆಚೆಯಿಂದ ಸದ್ದು ಬಂತು. ಟಕ್.

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

"ಚೆನ್ನಾಗಿದೆ," ಅಂದವಳೇ, ನಿಲ್ಲಲಿಲ್ಲ.

*

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಬಾವಿಕಟ್ಟೆ ದಾಟಿ ಆವರೆಗೆ ಯಾವ ಹುಡುಗಿಯೂ ಓಡಿರಲಿಲ್ಲ. ಓಡಲು ಆಚೆಗೆ ಏನಿದೆ? ಹಳ್ಳ, ಸೇತುವೆ, ಲಾಜರ್‌ನ ಮನೆ. ಅಜ್ಜಿಗೆ ಮಾತ್ರ ಅದು ಥಟ್ಟನೆ ಹೊಳೆಯಿತು. ದೊಣ್ಣೆ ಊರಿಕೊಂಡು, "ನಡೀರೇ, ನಡೀರೇ, ಇಲ್ಲೇನು ನೋಡ್ತೀರ!" ಎಂದು ಉಳಿದ ಮುದುಕಿಯರನ್ನು ಅಟ್ಟಿಕೊಂಡು ಹೊರಟಳು. ಅವರ ಹಿಂದೆ ಇಡೀ ಊರು.

ಲಾಜರ್ ಅಂಗಳದಲ್ಲಿ ದೊಡ್ಡದೊಂದು ಪೀಪಾಯಿಯ ಮುಂದೆ ನಿಂತಿದ್ದ. ತನ್ನ ಬೇಲಿಯನ್ನು ಒಂದೇ ನೆಗೆತಕ್ಕೆ ಹಾರಿ ಬಂದವಳನ್ನು ನೋಡಿ ಅವನ ಕೈ ಎತ್ತಿದಲ್ಲೇ ನಿಂತಿತು.

"ಏನಾಯ್ತು? ಬೆಂಕಿ ಬಿತ್ತಾ?"

"ಸುತ್ತಿಗೆ ಕೆಳಗಿಡು."

"ಝಂಫಿರಾ, ಏನು…"

"ಇಡು ಅಂದೆ!"

ಇಟ್ಟ.

"ಹೋದ ವರ್ಷ ಅಕ್ರೋಟು ಮರದ ಹತ್ರ ಯಾಕೆ ನಿಂತೆ?"

ಸೇತುವೆಯ ಆಚೆ ಗಲಾಟೆ ಕೇಳುತ್ತಿತ್ತು. ಇಬ್ಬರು ಜೊತೆಯಾಗಿ ದಾಟಲಾಗದ ಸೇತುವೆಯ ಬಾಯಲ್ಲಿ ಇಡೀ ಊರು ಸಿಕ್ಕಿಕೊಂಡು, ನಾನು ಮೊದಲು ತಾನು ಮೊದಲು ಎಂದು ನೂಕಾಡುತ್ತಿತ್ತು. ಲಾಜರ್ ಅತ್ತ ನೋಡಿದ, ಇತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ನೀನು ಓಡ್ದೆಯಲ್ಲ," ಅಂದ.

"ಓಡದೆ? ಅದು ಓಟ!"

"ಹಾಗಲ್ಲ. ಸಿಕ್ಬೇಕು ಅನ್ನೋರು ಹೇಗೆ ಓಡ್ತಾರೆ ಅಂತ ನಂಗೆ ಗೊತ್ತಿಲ್ವಾ? ರಾದಾ ಓಡೋದು ನೋಡಿಲ್ವಾ? ನೀನು ನಾನು ಹತ್ರ ಬಂದಷ್ಟೂ ಜೋರಾಗಿ ಓಡ್ತಿದ್ದೆ. ಎರಡು ವರ್ಷ ಊರೆದುರಿಗೆ ಬೇಡ ಅಂದೆ. ಮೂರನೇ ವರ್ಷಾನೂ ಅರ್ಧ ಗುಡ್ಡದಲ್ಲೇ ಬೇಡ ಅಂತ ಕಾಣಿಸ್ತು. ಬೇಡ ಅಂದೋಳ ಹಿಂದೆ ಎಷ್ಟೂಂತ ಬೀಳ್ಲಿ? ನಂಗೂ ಮರ್ಯಾದೆ ಇಲ್ವಾ?"

ಝಂಫಿರಾಳ ಬಾಯಿ ತೆರೆದಿತ್ತು. "ನಾನ್ಯಾವಾಗ ಬೇಡ ಅಂದೆ?"

"ಕಾಲಲ್ಲಿ ಅಂದೆ. ದ್ರಾಗೊಬೇತೆ ದಿನ ಕಾಲು ಹೇಳೋದೇ ಮಾತು."

"ಅಯ್ಯೋ, ನನ್ನ ಕಾಲು ದಡ್ಡ ಕಾಲು ಕಣೋ!" ಎಂದು ಅವಳು ಕೂಗಿದಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೇ ಹೊರಗೆ ಬಂತು. "ಹಿಂದೆ ಬರ್ತಿರೋದು ನೀನು ಅಂತ ಗೊತ್ತಾದ್ಮೇಲೇ ಅದು ಜಾಸ್ತಿ ಓಡಿದ್ದು! ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳೋಕೆ ಶುರು ಮಾಡುತ್ತೆ. ಎದೆ ಹಾಗೆ ಹೊಡ್ಕೋತಿದ್ರೆ ಕಾಲು ಸುಮ್ನೆ ನಿಲ್ಲುತ್ತಾ? ಬೇರೆ ಯಾವನಾದ್ರೂ ಬಂದಿದ್ರೆ ಆರಾಮಾಗಿ ಎಡವಿ ಬೀಳ್ತಿದ್ದೆ. ಹಸೂನ ತಬ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ ನಿಂಗೆ? ಸೇತುವೆ ಮೇಲೆ ಎಷ್ಟು ಸಲ ಅಡ್ಡ ಬಂದಿದೀನಿ! ನೀನು ನೀರು ನೋಡ್ತೀಯ!"

ಲಾಜರ್ ಈ ಮಾತುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡ. ಪೀಪಾಯಿಯ ಪಟ್ಟಿಗಳನ್ನು ಜೋಡಿಸುವಷ್ಟೇ ನಿಧಾನವಾಗಿ. ಕಿವಿಗಳು ಕೆಂಪಾಗತೊಡಗಿದವು.

"ಹಾಗಾದ್ರೆ… ಬೇಡ ಅಂತ ಅಲ್ವಾ?"

"ಅಲ್ಲ."

"ಅಂದ್ರೆ… ಬೇಕು ಅಂತಾನಾ?"

"ದೇವರೇ! ಇವನಿಗೆ ಬರೆದು ಅಂಟಿಸ್ಬೇಕಾ?"

ಅವನು ನಕ್ಕ. ಆ ನಗು ಅವಳು ಮೂರು ವರ್ಷದಿಂದ ಕಾದಿದ್ದ ನಗು. ಮೊದಲು ಕಣ್ಣಿನ ಅಂಚಿಗೆ ಬಂತು, ಅಲ್ಲಿಂದ ಇಳಿದು ತುಟಿಗೆ ಬಂತು, ಅಲ್ಲೇ ನಿಂತಿತು. ಅವನು ಒಂದು ಹೆಜ್ಜೆ ಮುಂದೆ ಬಂದ. ಝಂಫಿರಾ ಕೈ ಅಡ್ಡ ಹಿಡಿದಳು.

"ಹಾಗೆ ಅಲ್ಲ. ಓಡು."

"ಎಲ್ಲಿಗೆ?"

"ಎಲ್ಲಿಗಾದ್ರೂ ಓಡು. ಜನ ಬರ್ತಿದಾರೆ. ನಿಂತಿದ್ರೆ ನಿಂತು ಕೊಟ್ಟ ಅಂತಾರೆ ನಿನ್ನ."

ಅಷ್ಟರಲ್ಲಿ ಸೇತುವೆಯಿಂದ ಮೊದಲು ಪಾರಾದ ಅಜ್ಜಿ ಬೇಲಿಗೆ ಒರಗಿ ನಿಂತಿದ್ದಳು. ಅವಳ ಹಿಂದೆ ರಾದಾ, ಮುದುಕಿಯರು, ಅಪ್ಪ, ನಿಸ್ತೋರ್. ಊರೆಲ್ಲ ನೋಡುತ್ತಿದ್ದಂತೆ ಲಾಜರ್ ಓಡಿದ. ಹೇಳಿದ್ದನ್ನು ಮಾಡುವ ಮನುಷ್ಯ, ಓಡು ಅಂದರೆ ನಿಜವಾಗಿಯೇ ಓಡಿದ. ದೊಡ್ಡ ಪೀಪಾಯಿಯ ಸುತ್ತ ಒಂದು ಸುತ್ತು, ಕಟ್ಟಿಗೆ ರಾಶಿಯ ಮೇಲೆ ಹಾರಿ ಇನ್ನೊಂದು ಸುತ್ತು.

"ಅಷ್ಟು ಜೋರಾಗಿ ಅಲ್ವೋ!" ಎಂದು ಕಿರುಚಿದಳು ಝಂಫಿರಾ, ಹಿಂದೆ ಓಡುತ್ತಾ.

"ಏನ್ ಮಾಡ್ಲಿ, ನನ್ನ ಕಾಲೂ ಮಾತು ಕೇಳ್ತಿಲ್ಲ!" ಅಂದ ಅವನು, ನಗುವಿನಿಂದ ಉಸಿರು ಸಿಗದೆ.

ಆದರೆ ಈ ಊರಿನಲ್ಲಿ ಅವಳ ಕಾಲಿಗೆ ಸಾಟಿ ಯಾರು? ಮೂರನೆಯ ಸುತ್ತಿನಲ್ಲಿ ಅವಳ ಕೈಗೆ ಅವನ ಕುರಿತೊಗಲಿನ ಕೋಟಿನ ತುದಿ ಸಿಕ್ಕಿತು. ಎಳೆದು ತಿರುಗಿಸಿದಳು. ಅವನ ಪಾದದ ಮೇಲೆ ತನ್ನ ಪಾದವಿಟ್ಟು ಗಟ್ಟಿಯಾಗಿ ಒತ್ತಿದಳು. ದ್ರಾಗೊಬೇತೆಯ ದಿನ ಯಾರು ಯಾರ ಪಾದ ಮೆಟ್ಟುತ್ತಾರೋ ಮುಂದೆ ಮನೆಯಲ್ಲಿ ಅವರದೇ ಮಾತು. ಮುದುಕಿಯರು "ಹೋ!" ಎಂದರು. ಅಪ್ಪ ತಲೆ ಚಚ್ಚಿಕೊಂಡ. ಝಂಫಿರಾ ತುದಿಗಾಲಲ್ಲಿ ನಿಂತು ಮುತ್ತು ಕೊಟ್ಟಳು.

ಅವನ ಮುಖಕ್ಕೆ ಓಕ್ ಮರದ ಹೊಗೆಯ ವಾಸನೆ ಇತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಕಾಲುಗಳು, ಆಶ್ಚರ್ಯ, ಇದ್ದಲ್ಲೇ ಇದ್ದವು.

*

ಪಾದ್ರಿ ಸೆವೆರಿನ್ ಕೊನೆಗೆ ಬಂದರು. ನೂಕಾಟದಲ್ಲಿ ಬಕೆಟ್ ಮಗುಚಿ, ಮಂತ್ರಿಸಿದ ನೀರೆಲ್ಲ ಹಳ್ಳದ ಪಾಲಾಗಿತ್ತು.

"ಇದು ಲೆಕ್ಕಕ್ಕಿಲ್ಲ!" ಎಂದರು ಏದುಸಿರಿನಲ್ಲಿ. "ನಿಮ್ಮ ಆ ಕಾಡುದೇವರ ಪದ್ಧತಿಯಲ್ಲೂ ಇದಿಲ್ಲ. ಹುಡುಗಿ ಹುಡುಗನನ್ನು ಹಿಡಿಯುವುದು ಎಲ್ಲಾದರೂ ಉಂಟೇ?"

"ಓಡಿದ್ದಾಯ್ತು, ಹಿಡಿದಿದ್ದಾಯ್ತು, ನಾವೆಲ್ಲ ನೋಡಿದ್ದೂ ಆಯ್ತು," ಅಂದಳು ಅಜ್ಜಿ. "ಯಾರು ಯಾರನ್ನ ಹಿಡೀಬೇಕು ಅಂತ ದ್ರಾಗೊಬೇತೆ ಹೇಳಿದ್ದು ನಾನಂತೂ ಕೇಳಿಲ್ಲ. ನೀವು ಕೇಳಿದೀರಾ ಪಾದ್ರಿಗಳೇ? ನೀವು ಬಾವಿಕಟ್ಟೆ ಹತ್ರ ಬೇಡ ಅಂದ್ರಿ. ಇದು ಬಾವಿಕಟ್ಟೆ ಅಲ್ವಲ್ಲ."

ಪಾದ್ರಿ ಉತ್ತರ ಹುಡುಕುತ್ತಿದ್ದಾಗ ಅವರ ಬೆನ್ನ ಹಿಂದೆ, ಒಂದೊಂದು ಪೀಪಾಯಿಯ ಮರೆಯಲ್ಲೂ, ಬಾವಿಕಟ್ಟೆಯಲ್ಲಿ ನೀರು ಚಿಮ್ಮಿಸಿಕೊಂಡು ಪೆಚ್ಚಾಗಿದ್ದ ಜೋಡಿಗಳು ತಮ್ಮ ತಮ್ಮ ಬಾಕಿ ಕೆಲಸ ಮುಗಿಸಿಕೊಳ್ಳುತ್ತಿದ್ದವು. ಮುದುಕಿಯರು ಅತ್ತಲೂ ಒಂದು ಕಣ್ಣಿಟ್ಟಿದ್ದರು.

ನಿಸ್ತೋರ್ ಬೇಲಿಯ ಹತ್ತಿರ ನಿಂತು ಝಂಫಿರಾಳ ಕಾಲಿನ ಜೋಡನ್ನೇ ನೋಡುತ್ತಿದ್ದ. "ಬುದ್ಧಿಯಿಲ್ಲದೋನು ನಾನು," ಅಂದ ಅಪ್ಪನಿಗೆ. "ಭಾರದ ಬೂಟು ಕೊಡ್ಬೇಕಿತ್ತು." ಹಾಗೆಂದು ಟೋಪಿ ಸರಿಮಾಡಿಕೊಂಡು ಸೇತುವೆಯ ಕಡೆ ನಡೆದ. ಅವನ ಬಗ್ಗಿದ ಬೆನ್ನು ನೋಡಿ ಝಂಫಿರಾಗೆ ಅಯ್ಯೋ ಅನ್ನಿಸಿತು. ಅಪ್ಪ ಮಗಳನ್ನು ನೋಡಿದ, ಲಾಜರ್‌ನನ್ನು ನೋಡಿದ, ಪೀಪಾಯಿಯೊಂದನ್ನು ತಟ್ಟಿ ನೋಡಿದ. "ಇದೇನು, ಖಾಲಿ ಇದೆಯಲ್ಲ, ಮದುವೆಗೆ ಏನು ಕುಡಿಯೋದು?" ಎಂದು ಗೊಣಗಿದ. ಅವನ ಒಪ್ಪಿಗೆ ಅಷ್ಟೇ.

ಲಾಜರ್ ಕಟ್ಟಿಗೆ ರಾಶಿಯ ಮೇಲೆ ಕೂತು ಪಾದ ಉಜ್ಜಿಕೊಳ್ಳುತ್ತಿದ್ದ. ಝಂಫಿರಾ ಪಕ್ಕದಲ್ಲಿ ಕೂತಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೂರು ವರ್ಷದ್ದು, ಅಷ್ಟು ಬೇಗ ಹೇಗೆ ಇಳಿಯಬೇಕು?

"ನೋವಾಯ್ತಾ?"

"ಆಯ್ತು."

"ಆಗ್ಲಿ. ಇನ್ಮೇಲೆ ಮನೇಲಿ ನಂದೇ ಮಾತು. ಮೊದಲನೇ ಮಾತು ಕೇಳಿಸ್ಕೋ. ಏನೇ ಇದ್ರೂ ಬಾಯಿಬಿಟ್ಟು ಕೇಳ್ಬೇಕು. ನನ್ನ ಕಾಲನ್ನ ಕೇಳೋಕೆ ಹೋಗ್ಬೇಡ."

"ಸರಿ."

"ಸರಿ ಅಂದ್ರೆ ಆಗ್ಲಿಲ್ಲ. ಏನಾದ್ರೂ ಹೇಳು. ಇಷ್ಟೆಲ್ಲ ಆದ್ಮೇಲೂ ಒಂದು ಮಾತು ಬರಲ್ವಾ ನಿನ್ನ ಬಾಯಲ್ಲಿ?"

ಲಾಜರ್ ಯೋಚಿಸಿದ. ಕೆಂಪು ಕಿವಿಗಳೊಂದಿಗೆ, ಬೇಲಿಯಾಚೆ ನಿಂತ ಊರೆಲ್ಲವನ್ನೂ ಮರೆತು, ಅವಳ ಕೆನ್ನೆಯ ಮೇಲೆ ಇಳಿದಿದ್ದ ಕೂದಲೆಳೆಯನ್ನು ಕಿವಿಯ ಹಿಂದೆ ಸಿಕ್ಕಿಸಿದ. ಬೆಳಿಗ್ಗೆಯಿಂದ ಸುತ್ತಿಗೆ ಹಿಡಿದವನು ತಾನು, ಹಬ್ಬದ ಶಿಕ್ಷೆ ಅನುಭವಿಸಲೇಬೇಕಲ್ಲ. ಅವಳ ಕಿವಿಯ ಹತ್ತಿರ ಬಗ್ಗಿದ.

"ಚಿಂವ್," ಅಂದ.